ಗಾಳಿ ಸೋಕಬಾರದು

ಬಿರುಗಾಳಿಯ ಮುನ್ಸೂಚನೆ ಬಂತೆಂದರೆ ನಮ್ಮ ತೋಟದವರೆಲ್ಲ ಹಗ್ಗ, ಗೂಟ ಹಿಡಿದು ಓಡುತ್ತಾರೆ. ನಾನೂ ಓಡುತ್ತೇನೆ. ಅವರಿಗೆ ಬೆಳ್ಳುಳ್ಳಿ ಮಡಿಯ ಮೇಲೆ ಮರ ಬಿದ್ದೀತೆಂಬ ಹೆದರಿಕೆ. ನನ್ನ ಹೆದರಿಕೆಯೇ ಬೇರೆ. ಗಾಳಿ ಶುರುವಾದರೆ ಇವತ್ತಿಗೂ ನನಗೆ ಒಂದು ತುತ್ತು ಇಳಿಯುವುದಿಲ್ಲ. ಯಾಕೆಂದು ಹೇಳುತ್ತೇನೆ.

ಅಮೆರಿಕದ ನಮ್ಮ ಈ ತೋಟವೆಂದರೆ ದೊಡ್ಡದೇನಲ್ಲ. ಕ್ರಾಸ್‌ರೋಡ್ಸ್‌ನ ನಮ್ಮ ಅಪಾರ್ಟ್‌ಮೆಂಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ವರ್ಷದ ಬಾಡಿಗೆಗೆ ಕೊಡುವ ತುಂಡು ನೆಲಗಳು. ಒಬ್ಬೊಬ್ಬರಿಗೆ ಎರಡು ಮಂಚ ಹಾಕುವಷ್ಟು ಜಾಗ. ಬೇಸಿಗೆಯಲ್ಲಿ ನಾನು ಮೆಂತ್ಯ, ದಂಟು, ಹೀರೆ ಹಾಕುತ್ತೇನೆ. ಹೀರೇಕಾಯಿ ಹೆಬ್ಬೆರಳಿನಷ್ಟು ಆಗುವುದರೊಳಗೆ ಚಳಿ ಬಂದು ಬಳ್ಳಿ ಸುಟ್ಟುಹೋಗುತ್ತದೆ. ಆದರೂ ನಾನು ಬಿಡುವವಳಲ್ಲ. ಚಳಿಗಾಲದಲ್ಲಿ ಮಣ್ಣಿನ ಕೆಲಸ ಇರುವುದಿಲ್ಲವಲ್ಲ, ಆಗ ಶನಿವಾರ ಬೆಳಗ್ಗೆ ಎಲ್ಲರೂ ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಯೊಳಗೆ ಸೇರುತ್ತೇವೆ. ಅವರವರ ಹವ್ಯಾಸವನ್ನು ಮಿಕ್ಕವರಿಗೆ ಕಲಿಸುವುದು ಅಲ್ಲಿನ ರೂಢಿ. ಒಬ್ಬಾಕೆ ಉಲ್ಲನ್ ಟೋಪಿ ಹೆಣೆಯುವುದನ್ನು ಹೇಳಿಕೊಟ್ಟರು. ನಾನು ರಂಗೋಲಿ ಹೇಳಿಕೊಟ್ಟೆ. ಯಾರ ಎಳೆಯೂ ನೆಟ್ಟಗೆ ಬರಲಿಲ್ಲ, ನನಗೆ ಸಿಟ್ಟು ಬಂತು, ಅದು ಬೇರೆ ವಿಷಯ.

ನನ್ನ ಪಕ್ಕದ ಮಡಿಯ ಮುದುಕರ ಹವ್ಯಾಸ ಇದ್ದಲು ಮಾಡುವುದು. ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಡೆ ದುಡಿದು ನಿವೃತ್ತರಾದ ಅಮೆರಿಕನ್. ಮಾತು ಕಮ್ಮಿ. ನಾವು ಕತ್ತರಿಸಿದ ಕೊಂಬೆಗಳನ್ನೆಲ್ಲ ಮನೆಗೆ ಒಯ್ದು, ತಗಡಿನ ಡ್ರಮ್ಮಿಗೆ ತುಂಬಿ, ಗಾಳಿಯಾಡದ ಹಾಗೆ ಮುಚ್ಚಿ ಸುಡುತ್ತಿದ್ದರು. ತೆಳ್ಳನೆಯ ಕಡ್ಡಿಗಳಲ್ಲಿ ಚಿತ್ರ ಬರೆಯುತ್ತಿದ್ದರು, ಮಿಕ್ಕಿದ್ದನ್ನು ಪುಡಿಮಾಡಿ ಮಣ್ಣಿಗೆ ಬೆರೆಸಲು ನಮಗೆ ಹಂಚುತ್ತಿದ್ದರು.

ಆ ವರ್ಷ ನನ್ನ ತಂಗಿ ಬಸುರಿ. ಅವಳ ಮನೆ ನಮ್ಮಿಂದ ಅರ್ಧ ಗಂಟೆ ದಾರಿಯ ಸ್ನೊಕ್ವಾಲ್ಮಿಯಲ್ಲಿ, ಗುಡ್ಡದ ಮೇಲೆ. ಬಾಣಂತನಕ್ಕೆಂದು ಮೈಸೂರಿನಿಂದ ಅಮ್ಮ ಬಂದಳು. ಸೂಟ್‌ಕೇಸಿನಲ್ಲಿ ಅಂಟಿನುಂಡೆ, ಬಾಣಂತಿ ಖಾರದ ಪುಡಿ, ಮತ್ತೆ ಹಳೇ ಸೀರೆಯಲ್ಲಿ ಸುತ್ತಿದ ಕಬ್ಬಿಣದ ಪುಟ್ಟ ಅಗ್ಗಿಷ್ಟಿಕೆ. ವಿಮಾನ ನಿಲ್ದಾಣದಲ್ಲಿ ಅದೇನೆಂದು ಕೇಳಿದವನಿಗೆ "ಗಾಡ್, ಗಾಡ್" ಎಂದು ಕೈಮುಗಿದು ತೋರಿಸಿ ಪಾರಾಗಿದ್ದಳು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಒಂದು ಶನಿವಾರ ತೋಟಕ್ಕೂ ಬಂದಳು. ಬಂದವಳು ಸುಮ್ಮನೆ ಕೂರಲಿಲ್ಲ. ಚೀಲದಿಂದ ಹತ್ತಿ ತೆಗೆದು ಹೂಬತ್ತಿ ಹೊಸೆಯುವುದನ್ನು ಎಲ್ಲರಿಗೂ ಕಲಿಸಿದಳು. ನನ್ನ ರಂಗೋಲಿಗೆ ಆಕಳಿಸಿದ್ದ ಜನ ಅಮ್ಮನ ಸುತ್ತ ಕೂತು ಮಕ್ಕಳ ಹಾಗೆ ಹತ್ತಿ ಹೊಸೆದರು. ಎಲ್ಲರಿಗಿಂತ ಚೆನ್ನಾಗಿ ಹೊಸೆದವರು ಆ ಮುದುಕರೇ. ಖುಷಿಯಾಗಿ ಅಮ್ಮನಿಗೆ ಒಂದು ಚೀಲ ಇದ್ದಲು ಕೊಟ್ಟರು.

"ಅಯ್ಯೋ ಶಿವನೇ, ಇಲ್ಲೂ ಇದ್ದಲು ಸಿಗತ್ತೇನೇ! ಮಗೂಗೆ ಸಾಂಬ್ರಾಣಿ ಹಾಕಕ್ಕೆ ಕೆಂಡ ಇಲ್ವಲ್ಲ ಅಂತ ನಾನು ಎಷ್ಟು ಕೊರಗ್ತಿದ್ದೆ."

ಮನೆಯೊಳಗೆ ಉರಿಸಬಾರದು, ಹೊರಗೆ ಮಾತ್ರ ಎಂದು ಅವರು ಎರಡು ಸಲ ಹೇಳಿದರು. ನಾನೂ ಅಮ್ಮನಿಗೆ ಎರಡು ಸಲ ಹೇಳಿದೆ.

"ಆಯ್ತು ಬಿಡೇ. ನಾನೇನು ಕೆಂಡ ಕಾಣದೋಳಾ? ನಿಮ್ಮಿಬ್ಬರನ್ನೂ ಕೆಂಡದ ಹೊಗೇಲೇ ಬೆಳೆಸಿದ್ದು."

ಮಗು ಹುಟ್ಟಿತು. ಹೆಣ್ಣು. ಎಣ್ಣೆನೀರು ಹಾಕಿದ ಮೊದಲ ದಿನ ಅಮ್ಮ ಹಿತ್ತಲ ಬಾಗಿಲಲ್ಲಿ ಕೆಂಡ ಮಾಡಿ ಒಳಗೆ ತಂದು ಸಾಂಬ್ರಾಣಿ ಉದುರಿಸಿದಳೋ ಇಲ್ಲವೋ, ಚಾವಣಿಯ ಹೊಗೆ ಅಲಾರಂ ಮನೆ ಹಾರಿಹೋಗುವ ಹಾಗೆ ಕಿರುಚಿತು. ಮಗು ಬೆಚ್ಚಿ ನೀಲಿಯಾಗುವಷ್ಟು ಅತ್ತಿತು. "ಇದ್ಯಾವ ಶನಿ" ಎಂದು ಅಮ್ಮ ಬೈದದ್ದೇ ಬೈದದ್ದು. ತಂಗಿಯ ಗಂಡ ಸ್ಟೂಲು ಹತ್ತಿ ಅದನ್ನು ಕಳಚಿ ಡೈಪರ್ ಡ್ರಾಯರಿನಲ್ಲಿ ಇಟ್ಟ. ಒಗ್ಗರಣೆ ಹಾಕುವಾಗ ನಾವೆಲ್ಲ ಮಾಡುವ ಕೆಲಸವೇ ಅದು. ಎಲ್ಲರೂ ನಕ್ಕೆವು.

ನವೆಂಬರಿನಲ್ಲಿ ಬಿರುಗಾಳಿ ಬಂತು. ತಂಗಿಯ ಗಂಡ ಆಫೀಸಿನ ಕೆಲಸಕ್ಕೆ ಬೇರೆ ರಾಜ್ಯಕ್ಕೆ ಹೋಗಿದ್ದ. ರಾತ್ರಿಯೆಲ್ಲ ಗಾಳಿ ಬೀಸಿತು, ಎಲ್ಲ ಕಡೆ ಕರೆಂಟು ಹೋಯಿತು. ಬೆಳಗ್ಗೆ ತೋಟಕ್ಕೆ ಹೋದರೆ ಹಸಿರುಮನೆಯ ಪ್ಲಾಸ್ಟಿಕ್ ಹರಿದು ಪಟಪಟ ಬಡಿಯುತ್ತಿದೆ, ಫರ್ ಮರದ ದೊಡ್ಡ ಕೊಂಬೆಯೊಂದು ನನ್ನ ಮಡಿಯ ಮೇಲೆ ಮಲಗಿದೆ. ಬಂದವರೆಲ್ಲ ಸೇರಿ ಕೊಂಬೆ ಎಳೆದೆವು. ಮುದುಕರು ಪುಟ್ಟ ಗ್ಯಾಸ್ ಸ್ಟೌವ್ ತಂದು ಬಯಲಿನಲ್ಲೇ ಎಲ್ಲರಿಗೂ ಕಾಫಿ ಕಾಯಿಸಿ ಕೊಟ್ಟರು. ಅಮ್ಮ, ತಂಗಿ ಹೇಗಿದ್ದಾರೆ ಎಂದು ಕೇಳಿದರು.

ಬೆಳಗಿನ ಜಾವ ತಂಗಿಯ ಮೆಸೇಜು ಬಂದಿತ್ತು. "ಕರೆಂಟಿಲ್ಲ ಅಕ್ಕ, ಹೀಟರ್ ಆಫ್. ನೀನು ಯೋಚ್ನೆ ಮಾಡ್ಬೇಡ, ಅಮ್ಮ ರೂಮು ಬೆಚ್ಚಗೆ ಮಾಡಿದಾಳೆ." ಅದನ್ನೇ ಹೆಮ್ಮೆಯಿಂದ ಹೇಳಿದೆ. ನಮ್ಮಮ್ಮ ಎಂದರೆ ಏನೆಂದುಕೊಂಡಿರಿ, ಕರೆಂಟಿಲ್ಲದಿದ್ದರೂ ರೂಮು ಬೆಚ್ಚಗಿದೆ ಎಂದೆ.

ಅವರು ಕಾಫಿ ಲೋಟ ಕೆಳಗಿಟ್ಟರು. "ಯಾವುದರಿಂದ?" ಎಂದು ಕೇಳಿದರು.

ಅಷ್ಟೇ. ಒಂದೇ ಮಾತು. ಹೊಗೆಗೂ ವಿಷಗಾಳಿಗೂ ಕೂಗಬೇಕಾದ ಅಲಾರಂ ಡ್ರಾಯರಿನಲ್ಲಿ ಬಿದ್ದಿದ್ದದ್ದು ಕಣ್ಣ ಮುಂದೆ ಬಂತು. ಬಾಣಂತಿಗೂ ಮಗುವಿಗೂ ಗಾಳಿ ಸೋಕಬಾರದು ಎಂದು ಅಮ್ಮ ಕಿಟಕಿಯ ಸಂದಿಗಳಿಗೆ ತುರುಕಿದ್ದ ಹಳೇ ಪಂಚೆಯ ಚೂರುಗಳು ಕಣ್ಣ ಮುಂದೆ ಬಂದವು. ಮೈಸೂರಿನ ನಮ್ಮ ಬಾಣಂತಿ ಕೋಣೆಯ ಮೇಲೆ ಹಂಚಿನ ಸೂರಿತ್ತು. ಅಮ್ಮ ಕಿಟಕಿಗೆ ಎಷ್ಟೇ ಬಟ್ಟೆ ತುರುಕಿದರೂ ಹಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿತ್ತು, ಗಾಳಿ ಬರುತ್ತಿತ್ತು. ಈ ಊರಿನ ಮನೆಗಳಲ್ಲಿ ಇರುವೆ ನುಗ್ಗಲೂ ಸಂದಿಯಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ವಿಷ ಕಾರುತ್ತದೆ, ಆ ವಿಷಕ್ಕೆ ವಾಸನೆಯೂ ಇಲ್ಲ, ಮಲಗಿದವರಿಗೆ ಗೊತ್ತೂ ಆಗುವುದಿಲ್ಲ.

ತಂಗಿಗೆ ಕಾಲ್ ಮಾಡಿದೆ. ಹೋಗಲಿಲ್ಲ. ಮತ್ತೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ತುರ್ತು ನಂಬರಿಗೆ ಕಾಲ್ ಸಿಕ್ಕಿತು. ಆ ಕಡೆಯ ಹೆಂಗಸು ವಿಳಾಸ ಬರೆದುಕೊಂಡು, ಕಳಿಸುತ್ತೇವೆ, ಆದರೆ ಆ ಗುಡ್ಡದ ರಸ್ತೆಯಲ್ಲಿ ಮರಗಳು ಬಿದ್ದಿವೆ ಎಂದಳು. ನನ್ನ ಗಂಡ ಕಾರು ತೆಗೆದುಕೊಂಡು ಪೆಟ್ರೋಲಿಗೆ ಹೋಗಿದ್ದರು. ಮುದುಕರು ಆಗಲೇ ತಮ್ಮ ಹಳೇ ಟ್ರಕ್ಕಿನ ಬಾಗಿಲು ತೆರೆದು ನಿಂತಿದ್ದರು.

ಟ್ರಕ್ಕು ಹೊರಟಿತು. ಸಿಗ್ನಲ್ಲುಗಳೆಲ್ಲ ಸತ್ತಿದ್ದವು. ಪ್ರತಿ ಕ್ರಾಸಿನಲ್ಲೂ ಕಾರುಗಳು ಒಂದಕ್ಕೊಂದು ಮರ್ಯಾದೆ ಕೊಡುತ್ತಾ ನಿಂತಿದ್ದವು. ನೀನು ಹೋಗು, ನೀನು ಹೋಗು. ನಿಮ್ಮ ಮರ್ಯಾದೆಗೆ ಬೆಂಕಿ ಹಾಕ, ಹೋಗ್ರಯ್ಯಾ ಎಂದು ಕನ್ನಡದಲ್ಲೇ ಕೂಗಿದೆ. ಹೆದ್ದಾರಿಯಲ್ಲಿ ಗಾಳಿ ಟ್ರಕ್ಕನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಇದ್ದಲಿನ ಚೀಲ ಕೊಟ್ಟ ಕೈಗಳಲ್ಲೇ ಮುದುಕರು ಸ್ಟಿಯರಿಂಗನ್ನು ಮತ್ತೆ ಮತ್ತೆ ನೆಟ್ಟಗೆ ಎಳೆಯುತ್ತಿದ್ದರು. ನಾನು ಮನಸ್ಸಿನಲ್ಲೇ ಚಾಮುಂಡಿಗೆ ಹರಕೆಯ ಮೇಲೆ ಹರಕೆ ಹೊರುತ್ತಿದ್ದೆ. ಮೂವರನ್ನೂ ಉಳಿಸು ಎಂದು ಬೇಡುತ್ತಿದ್ದೆ. ನಡುವೆ ಒಂದು ಸಲ, ಮಗುವನ್ನಾದರೂ ಉಳಿಸು ಎಂದು ಬಾಯಿಗೆ ಬಂತು. ಛೀ, ಅಮ್ಮನನ್ನೂ ತಂಗಿಯನ್ನೂ ಆಗಲೇ ಬಿಟ್ಟುಕೊಟ್ಟೆನೇ ಎಂದು ನನಗೇ ಭಯವಾಗಿ, ಮತ್ತೆ ಮೊದಲಿನಿಂದ ಶುರುಮಾಡಿದೆ.

ಗುಡ್ಡ ಹತ್ತುವ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಮುದುಕರು ಟ್ರಕ್ಕಿನ ಹಿಂದಿನಿಂದ ಚೈನ್ ಗರಗಸ ತೆಗೆದು ಹಗ್ಗ ಎಳೆದು ಚಾಲೂ ಮಾಡತೊಡಗಿದರು. ನನಗೆ ತಡೆಯಲಾಗಲಿಲ್ಲ. ಸಲ್ವಾರ್ ಎತ್ತಿ ಕಟ್ಟಿ, ಕೊಂಬೆಗಳ ನಡುವೆ ನುಸುಳಿ, ಆ ಕಡೆ ಇಳಿದು ಓಡಿದೆ. ಮಳೆ ಮುಖಕ್ಕೆ ರಾಚುತ್ತಿತ್ತು. ಸ್ವಲ್ಪ ಹೊತ್ತಿಗೆ ಹಿಂದೆ ಬೂಟಿನ ಸದ್ದು ಕೇಳಿತು. ಗರಗಸ ಬಿಸಾಡಿ ಅವರೂ ಓಡಿ ಬರುತ್ತಿದ್ದರು.

ತಂಗಿಯ ಮನೆಯ ಬೀಗದ ನಂಬರು ನನಗೆ ಗೊತ್ತಿತ್ತು. ಅವಸರದಲ್ಲಿ ಮೊದಲ ಸಲ ತಪ್ಪು ಒತ್ತಿದೆ. ಬಾಗಿಲು ತೆರೆದರೆ ಮನೆಯೊಳಗೆ ತಣ್ಣಗೆ, ನಿಶ್ಶಬ್ದ. "ಅಮ್ಮಾ" ಎಂದೆ. ಉತ್ತರವಿಲ್ಲ. ಕೋಣೆಯ ಬಾಗಿಲು ತಳ್ಳಿದರೆ ಬರುತ್ತಿಲ್ಲ. ಕೆಳಗಿನ ಸಂದಿಗೆ ಒಳಗಿನಿಂದ ಸೀರೆ ತುರುಕಿದೆ. ಮುದುಕರು ಭುಜ ಕೊಟ್ಟು ನೂಕಿದರು.

ಒಳಗೆ ಹಿತವಾದ ಬಿಸಿ. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ, ಅಷ್ಟು ಹಿತವಾಗಿತ್ತು. ಮಂಚದ ಕೆಳಗೆ ಅಗ್ಗಿಷ್ಟಿಕೆ, ಮೇಲೆ ಬೂದಿ, ಒಳಗೆ ಕೆಂಪು. ಅಮ್ಮ ಗೋಡೆಗೆ ಒರಗಿ ಕೂತಿದ್ದಳು, ಕುತ್ತಿಗೆ ವಾಲಿತ್ತು. ತಂಗಿ ಮಗ್ಗುಲಾಗಿ ಮಲಗಿದ್ದಳು, ಬಾಯಿ ತೆರೆದಿತ್ತು, ಹಾಸಿಗೆಯ ಮೇಲೆ ವಾಂತಿ. ಮಗುವಿಗೆ ಕುಲಾವಿ ಹಾಕಿ, ಬಿಗಿಯಾಗಿ ಸುತ್ತಿ ಪಕ್ಕದಲ್ಲಿ ಮಲಗಿಸಿದ್ದರು. ಎತ್ತಿಕೊಂಡೆ. ಬಟ್ಟೆಯ ಗಂಟಿನ ಹಾಗೆ ಕೈಗೆ ಬಂತು. ಅಳಲಿಲ್ಲ.

ಮುದುಕರು ಕಿಟಕಿಯ ಬಟ್ಟೆಗಳನ್ನು ಕಿತ್ತು ಎಲ್ಲ ತೆರೆದರು, ಅಗ್ಗಿಷ್ಟಿಕೆಯನ್ನು ಕೋಟಿನಲ್ಲಿ ಹಿಡಿದು ಮಳೆಗೆ ಎಸೆದರು. ನಾನು ಮಗುವನ್ನು ಹೊರಗೆ ತಂದು ಜಗಲಿಯಲ್ಲಿ ನಿಂತೆ. ಕುಲಾವಿ ತೆಗೆದೆ, ಸುತ್ತಿದ್ದನ್ನೆಲ್ಲ ಬಿಚ್ಚಿದೆ. ಹಾಳು ಗಾಳಿ ನೇರ ಅದರ ಮುಖಕ್ಕೆ ಬಡಿಯಿತು. ಅಂಗಾಲು ತಿಕ್ಕಿದೆ. ಅಳೇ, ಅಳು ಮುಂಡೇದೆ, ಅಳು ನನ್ನಮ್ಮ ಎಂದು ನಾನೇ ಅಳುತ್ತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಮೂಗು ಸುಕ್ಕಾಯಿತು, ತುಟಿ ನಡುಗಿತು, ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಬಂತು. ಆಮೇಲೆ ಅತ್ತಿತು.

ಅಷ್ಟರಲ್ಲಿ ಮುದುಕರು ತಂಗಿಯನ್ನು ಹೊರಗೆ ತಂದು ಮಲಗಿಸಿ, ಅಮ್ಮನ ಕಂಕುಳಿಗೆ ಕೈಹಾಕಿ ಎಳೆದು ತಂದರು. ಮಗುವಿನ ಅಳು ಕಿವಿಗೆ ಬಿದ್ದು ಅಮ್ಮ ಅರ್ಧ ಕಣ್ಣು ತೆರೆದಳು. ನನ್ನನ್ನು ನೋಡಿದಳು, ಬರಿಮೈಯ ಮಗುವನ್ನು ನೋಡಿದಳು.

"ಒಳಗೆ ಕರ್ಕೊಂಡ್ ಹೋಗೇ," ಎಂದು ತೊದಲಿದಳು. "ಮಗೂಗೆ ಗಾಳಿ ಸೋಕತ್ತೆ."

ಅಗ್ನಿಶಾಮಕದವರು ಮರ ಕಡಿದುಕೊಂಡು ಬಂದು ಆಕ್ಸಿಜನ್ ಹಾಕಿದರು. ಆಸ್ಪತ್ರೆಯಲ್ಲಿ ಮೂವರೂ ಉಳಿದರು. ಅಮ್ಮನಿಗೆ ಮಾತ್ರ ಬಹಳ ದಿನ ತಲೆನೋವು. ಅದಕ್ಕಿಂತ ಹೆಚ್ಚಾಗಿ, ಬಾಯಿ ಮುಚ್ಚದ ನಮ್ಮಮ್ಮ ಮಾತು ಬಿಟ್ಟಳು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ. ಊರಿಗೆ ಹೊರಡುವವರೆಗೂ ಮಗುವನ್ನು ತಾನಾಗಿ ಎತ್ತಿಕೊಳ್ಳಲಿಲ್ಲ. ತಂಗಿಯೇ ತಂದು ತೊಡೆಯ ಮೇಲೆ ಹಾಕಬೇಕಾಗುತ್ತಿತ್ತು.

ಮುದುಕರು ಇದ್ದಲು ಮಾಡುವುದನ್ನು ಬಿಟ್ಟರು. ಆ ವಿಷಯ ನಾವಿಬ್ಬರೂ ಒಂದು ದಿನವೂ ಎತ್ತಿಲ್ಲ. ಶನಿವಾರ ಹಸಿರುಮನೆಯ ಮೂಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಾರೆ, ಡಬ್ಬಿ ತುಂಬಿದಾಗ ನನ್ನ ಕೈಗೆ ಕೊಡುತ್ತಾರೆ. ನಾನು ದೇವರ ಮುಂದೆ ಹಚ್ಚುತ್ತೇನೆ. ಹಚ್ಚುವಾಗ ಕಿಟಕಿ ತೆರೆದಿರುತ್ತೇನೆ.

ಈ ಸಲದ ಚಳಿಗಾಲದಲ್ಲಿ ಮತ್ತೆ ಬಿರುಗಾಳಿ ಬಂತು, ಮತ್ತೆ ಕರೆಂಟು ಹೋಯಿತು. ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಕೂತಿದ್ದಾಗ ಮೈಸೂರಿನಿಂದ ಫೋನು ಬಂತು.

"ಟೀವೀಲಿ ತೋರಿಸಿದ್ರು. ಗಾಳಿ ಜೋರಂತೆ?"

"ಹೂಂ ಅಮ್ಮ. ನಾವು ಚೆನ್ನಾಗಿದೀವಿ. ಈಗ ತಾನೇ ತಂಗಿ ಹತ್ರಾನೂ ಮಾತಾಡ್ದೆ, ಅಲಾರಂ ಅದರ ಜಾಗದಲ್ಲೇ ಇದೆ."

"ಕಿಟಕಿ ತೆಗೆದಿದೀಯಾ?"

"ಅಮ್ಮಾ, ಇಲ್ಲಿ ಏನೂ ಉರೀತಿಲ್ಲ. ಹೊರಗೆ ಮೈ ಕೊರೆಯೋ ಚಳಿ."

"ತೆಗಿಯೇ."

ಎದ್ದು ಹೋಗಿ ಕಿಟಕಿ ಸರಿಸಿದೆ. ಗಾಳಿ ಒಳಗೆ ನುಗ್ಗಿ ಪರದೆ ಹಾರಿತು.

"ತೆಗೆದೆ ಅಮ್ಮ."

"ಫೋನು ಅಲ್ಲಿಗೆ ಹಿಡಿ. ನಾನು ಕೇಳಿಸ್ಕೋಬೇಕು."

ಕೈಯನ್ನು ಕಿಟಕಿಯ ಹೊರಗೆ ಚಾಚಿ ಫೋನು ಹಿಡಿದು ನಿಂತೆ, ಬೆರಳು ಮರಗಟ್ಟುವವರೆಗೂ. ಮತ್ತೆ ಕಿವಿಗೆ ಇಟ್ಟುಕೊಂಡಾಗ ಅಮ್ಮ ಇನ್ನೂ ಕೇಳಿಸಿಕೊಳ್ಳುತ್ತಿದ್ದಳು.