ಮೈಕ್ ಚಂದ್ರಣ್ಣನ ಬಾಯಿಂದ ತಪ್ಪಿದ ‘ಲ’

ಹೊಸನಗರದಲ್ಲಿ ಚಂದ್ರಪ್ರಭ ಅಂತ ಕೇಳಿದ್ರೆ ಯಾವ ಚಂದ್ರಪ್ರಭ ಅಂತಾರೆ. ಮೈಕ್ ಚಂದ್ರಣ್ಣ ಅಂತ ಕೇಳಿ, ಮನೆ ಬಾಗಿಲಿಗೇ ತಂದು ಬಿಡ್ತಾರೆ. ಆ ಮಹಾನುಭಾವರ ಹೆಂಡತಿ ನಾನು, ಧರ್ಮಾವತಿ. ಗಂಡನ ವಿಷಯ ಹೆಂಡತಿ ಬಾಯಲ್ಲಿ ಬಂದ್ರೆ ಒಂದೋ ಹೊಗಳಿಕೆ, ಇಲ್ಲಾಂದ್ರೆ ದೂರು ಅಂತೀರಿ. ಎರಡೂ ಇರುತ್ತೆ, ಕೇಳಿ.

ಇವರ ಉದ್ಯೋಗ ಅನೌನ್ಸ್‌ಮೆಂಟು. ಒಂದು ಹಳೇ ಓಮ್ನಿ, ಅದರ ನೆತ್ತಿ ಮೇಲೆ ಎರಡು ಹಾರ್ನು, ಕೈಯಲ್ಲೊಂದು ಮೈಕು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಲ್ಲಿ ಇವರ ಗಾಡಿ ಹೋಗದ ರಸ್ತೆ ಇಲ್ಲ. ನಾಳೆ ಕರೆಂಟಿಲ್ಲ, ನಾಡಿದ್ದು ಯಕ್ಷಗಾನ, ಆಚೆ ನಾಡಿದ್ದು ಕಣ್ಣಿನ ತಪಾಸಣೆ, ಎಲ್ಲ ಇವರ ಬಾಯಲ್ಲೇ ಊರಿಗೆ ತಿಳೀಬೇಕು. ಎಮ್ಮೆ ಕಳೆದುಹೋದ್ರೆ ಮಾತ್ರ ದುಡ್ಡು ತಗೊಳ್ಳಲ್ಲ. ಎಮ್ಮೆ ಕಳ್ಕೊಂಡವರ ಹತ್ರ ಕೈ ಚಾಚೋಕೆ ಮನಸ್ಸು ಬರಲ್ಲ ಮಾರಾಯ್ತಿ ಅಂತಾರೆ. ನಾನೂ ಬೈಯಲ್ಲ.

ಸ್ವರ ಅಂದ್ರೆ ಸ್ವರ! ನನ್ನ ನೋಡೋಕೆ ಬಂದ ದಿನ ಉಪ್ಪಿಟ್ಟು ತಿಂದು, ‘ತುಂಬಾ ಚೆನ್ನಾಗಿದೆ’ ಅಂದಿದ್ದಕ್ಕೆ ಪಕ್ಕದ ಮನೆಯವರು ಯಾರು ಬಂದ್ರು ಅಂತ ಹೊರಗೆ ಬಂದು ನಿಂತಿದ್ರು. ನನಗೆ ಮುಖ ನೋಡೋಕೆ ನಾಚಿಕೆ, ತಲೆ ಎತ್ತಲೇ ಇಲ್ಲ. ಸ್ವರ ಕೇಳಿಯೇ ಒಪ್ಪಿದ್ದು.

ಇವರದ್ದು ಒಂದು ಚಟ ಇದೆ. ಕೊಟ್ಟ ಚೀಟಿಯನ್ನ ಇದ್ದ ಹಾಗೆ ಓದೋದೇ ಇಲ್ಲ. ‘ನೀರು ಸರಬರಾಜಿನಲ್ಲಿ ವ್ಯತ್ಯಯ’ ಅಂತ ಬರೆದು ಕೊಟ್ರೆ, ಇವರು ಹೋಗಿ, ‘ಅಕ್ಕಂದಿರೇ, ನಾಳೆ ನಲ್ಲಿ ಬರಲ್ಲ, ಈಗಲೇ ಕೊಡ ತುಂಬಿಸ್ಕೊಳ್ಳಿ’ ಅಂತಾರೆ. ಜನಕ್ಕೆ ಅದೇ ಇಷ್ಟ. ಅದರ ಮೇಲೆ ಒಂದು ಅಹಂಕಾರ, ಮೈಕನ್ನ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಒರೆಸೋಕೂ ನನಗೆ ಬಿಡಲ್ಲ. ಇನ್ನು ನಾವು ಜೈನರು, ಹೊತ್ತು ಮುಳುಗೋದ್ರೊಳಗೆ ಊಟ ಆಗ್ಬೇಕು. ಎಷ್ಟೇ ದೂರ ಹೋಗಿದ್ರೂ ಇವರ ಗಾಡಿ ಸಂಜೆಗೆ ತಿರುಗಿತು ಅಂತಲೇ ಲೆಕ್ಕ. ಆ ಗಾಡಿ ನೋಡಿ ಕೊಟ್ಟಿಗೆಗೆ ದನ ಹೊಡೆಯೋರೂ ಇದ್ದಾರೆ.

ಹೀಗಿರೋ ಮನುಷ್ಯನಿಗೆ ಹಲ್ಲು ಕೈ ಕೊಟ್ಟವು. ಒಂದೊಂದೇ ಉದುರಿ, ‘ಸಾಗರ’ ಅನ್ನೋಕೆ ಹೋದ್ರೆ ಗಾಳಿ ಬಂದು ‘ಹಾಗರ’ ಆಗೋದು. ಆ ಗಾಳಿಗಿಂತ ಹೆಚ್ಚು ಇವರನ್ನ ತಿಂದದ್ದು ಕೆನ್ನೆ ಒಳಗೆ ಹೋಗಿದ್ದು. ಮಗಳು ಸಮತಾ ಮದುವೆ ಬೇರೆ ಹತ್ರ ಬಂತು. ‘ಬೀಗರ ಎದುರು ಬೊಚ್ಚುಬಾಯಿ ಬಿಟ್ಕೊಂಡು ನಿಲ್ಲಲಾ?’ ಅಂತ ಎಲ್ಲೋ ಒಂದು ಕ್ಯಾಂಪಿಗೆ ಹೋಗಿ ಹಲ್ಲಿನ ಸೆಟ್ಟು ಕಟ್ಟಿಸ್ಕೊಂಡು ಬಂದ್ರು. ಅಯ್ಯಬ್ಬ, ಆ ಸಂಭ್ರಮ! ಕನ್ನಡಿ ಬಿಟ್ಟು ಏಳಲಿಲ್ಲ. ನಿಜ ಹೇಳ್ಬೇಕಂದ್ರೆ ಚೆಂದವೇ ಕಾಣ್ತಿದ್ರು. ಆದರೆ ಬಾಯಿ ತೆಗೆದಾಗ ಗೊತ್ತಾಯ್ತು. ಸ ವಾಪಸ್ ಬಂದಿತ್ತು, ಲ ಹೋಗಿತ್ತು.

‘ಧರ್ಮಾ, ಕಾಫಿಗೆ ಬೆನ್ನ ಹಾಕಿದ್ಯಾ?’

ನನಗೆ ನಗು ತಡೀಲಿಲ್ಲ. ‘ಬೆನ್ನಲ್ಲ ರೀ, ಬೆಲ್ಲ. ನಿಮ್ಮ ಹಲ್ಲು ಸರಿ ಕೂತಿಲ್ಲ, ತೋರಿಸ್ಕೊಂಡು ಬನ್ನಿ’ ಅಂದೆ.

‘ನನ್ನ ಹನ್ನಿಗೇನೂ ಆಗಿನ್ನ! ನಿನ್ನ ಕಿವಿ ತೋರಿಸ್ಕೋ’ ಅಂದ್ರು. ಮೂಗಿನ ತುದೀಲೇ ಸಿಟ್ಟು. ಇವರ ಕಿವಿಗೆ ಇವರ ಲ ಸರಿಯಾಗೇ ಕೇಳ್ತಿತ್ತು. ಊರವರಿಗೂ ಹೇಳೋಕೆ ಸಂಕೋಚ. ಹೀಗೇ ನಡೀತಾ ಇತ್ತು.

ಆಗಲೇ ದುಗ್ಗಮ್ಮನ ಕೊಲೆಯಾಗಿದ್ದು. ಸಾಗರಕ್ಕೆ ಹೋಗೋ ರಸ್ತೇಲಿ ಗೂಡಂಗಡಿ ಇಟ್ಕೊಂಡಿದ್ದ ಮುದುಕಿ. ಇವರ ಗಾಡಿ ಕಂಡ್ರೆ ಸಾಕು, ಗಂಟಲು ಒಣಗಿರುತ್ತೆ ಕುಡಿಯೋ ಅಂತ ಸೋಡಾ ಒಡೆದು ಕೊಡೋಳು. ಅಂಥವಳನ್ನ ಹಾಡುಹಗಲೇ ಕೊಂದು ಹೋಗಿದ್ದ ಯಾವನೋ ಪಾಪಿ. ಎದುರಿಗೆ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಅವನು ಕಂಡಿದ್ದೇನೋ ಹೌದು, ತಲೆ ಮೇಲೆ ಹೆಲ್ಮೆಟ್ಟು. ಮುಖ ಇಲ್ಲ. ಆ ಚಿತ್ರವನ್ನೇ ಪೋಸ್ಟರ್ ಮಾಡಿ ಬಸ್‌ಸ್ಟ್ಯಾಂಡಿಗೆ ಅಂಟಿಸಿದ್ರು, ವಾಟ್ಸಪ್ಪಿಗೆ ಬಿಟ್ರು. ಹೆಲ್ಮೆಟ್ಟು ನೋಡಿ ಯಾರು ಅಂತ ಗುರುತು ಹಿಡಿಯೋದು? ಕೊನೆಗೆ ಪೊಲೀಸಿನವರು ಇವರನ್ನ ಕರೆಸಿ, ಮೂರೂ ತಾಲ್ಲೂಕಲ್ಲಿ ಕೂಗ್ಕೊಂಡು ಬನ್ನಿ ಅಂದ್ರು. ಚೀಟೀಲಿ ಇದ್ದದ್ದು ‘ಅಪರಿಚಿತ ಆರೋಪಿ’ ಅಂತ.

ಚೀಟಿ ಓದಿ ಇವರ ಕಣ್ಣು ಕೆಂಪಾಯ್ತು. ‘ದುಗ್ಗಮ್ಮನ್ನ ಕೊಂದವನಿಗೆ ಎಂತ ಮರ್ಯಾದೆ? ಆರೋಪಿಯಂತೆ ಆರೋಪಿ! ಇರೋದನ್ನ ಇದ್ದ ಹಾಗೇ ಹೇಳ್ತೀನಿ ನಾನು.’

ಹೇಳಿದ್ರು. ಕೊಲೆಗಾರ ಅಂತ ಹೇಳೋಕೆ ಹೋದ್ರು. ಹೊರಗೆ ಬಂದದ್ದು ಹೀಗೆ: ‘ಕೊನೆಗಾರನ ಸುಳಿವು ಕೊಟ್ಟವರಿಗೆ ಸೂಕ್ತ ಬಹುಮಾನ! ಕೊನೆಗಾರ ಎನ್ನೇ ಕಂಡರೂ ಈ ನಂಬರಿಗೆ ಫೋನ್ ಮಾಡಿ!’

ಬೇರೆ ಕಡೆಯವರಿಗೆ ಇದು ಅರ್ಥವಾಗದ ಮಾತು. ನಮ್ಮ ಕಡೆ ಕೊನೆಗಾರ ಅಂದ್ರೆ ಅಡಿಕೆ ಮರ ಹತ್ತಿ ಕೊನೆ, ಅಂದ್ರೆ ಗೊನೆ, ಇಳಿಸೋನು. ಈಗ ಮರ ಹತ್ತೋರೇ ಇಲ್ಲ. ಕೊಯ್ಲಿನ ಹೊತ್ತಿಗೆ ಕೊನೆಗಾರನಿಗೋಸ್ಕರ ಜನ ಕೈ ಮುಗಿದುಕೊಂಡು ಮನೆ ಬಾಗಿಲಿಗೆ ಹೋಗ್ತಾರೆ. ಅದೇ ಸಮಯಕ್ಕೆ ಇವರ ಗಾಡಿ! ಪೊಲೀಸಿನವರ ಫೋನಿಗೆ ಬಿಡುವಿಲ್ಲ. ಸಾರ್ ನಮಗೂ ಒಬ್ಬ ಬೇಕು ಅಂತ ಒಬ್ಬರು, ಕಳೆದ ವರ್ಷ ನಮ್ಮನೇಲೇ ಇದ್ದ, ಈಗ ಬೇರೆಯವರು ಎಳ್ಕೊಂಡ್ರು ಅಂತ ಇನ್ನೊಬ್ಬರು. ಫೋನ್ ಹಿಡಿದು ಕೂತಿದ್ದ ಪೊಲೀಸು ಪಾಪ ವಿಜಯಪುರದ ಕಡೆಯವರು, ಕೆಲಸಕ್ಕೆ ಸೇರಿ ಹೊಸತು. ಅಡಿಕೆಯನ್ನ ಎಲೆ ಜೊತೆ ಬಿಟ್ಟು ಬೇರೆಲ್ಲೂ ಕಂಡವರಲ್ಲ.

ಆಗ ಹೂವಮ್ಮ ಫೋನ್ ಮಾಡಿದ್ಲು. ನಮ್ಮೂರಿಂದ ಸ್ವಲ್ಪ ಆಚೆ ಇರೋ ಹಳ್ಳೀಲಿ ಗೌಡರ ಮನೆ ಹೆಂಗಸು, ಕಿವಿ ಚೂರು ಮಂದ, ಮನಸ್ಸು ಚಿನ್ನ. ಅವರ ಕಡೆ ಮರ ಹತ್ತೋನು ದ್ಯಾವಪ್ಪ. ಬಹುಮಾನ ಅಂತ ಕೂಗ್ತಿದ್ದಾರೆ, ಅವನಿಗಾದ್ರೂ ಒಂದು ಶಾಲು ಹೊದೆಸಲಿ ಅಂತ ಅವಳ ಆಸೆ.

‘ನಮ್ಮೂರಲ್ಲಿ ಒಬ್ಬ ಕೊನೆಗಾರ ಇದಾನೆ ಸಾರ್. ಇವನಷ್ಟು ಜೋರು ಈ ಸೀಮೇಲೇ ಇಲ್ಲ’ ಅಂದ್ಲಂತೆ.

ಅತ್ತ ಕಡೆ ಪೊಲೀಸಿಗೆ ಕೇಳಿಸಿದ್ದು ಕೊಲೆಗಾರ ಅಂತ. ‘ಎಷ್ಟ್ ದಿನದಿಂದ ಗೊತ್ತ ಬೇ ಅಂವಾ?’

‘ಅಯ್ಯೋ, ಅವನಪ್ಪನ ಕಾಲದಿಂದ! ಅಪ್ಪನೂ ಇದೇ ಕೆಲ್ಸ. ಇವನಿಗೆ ಮೀಸೆ ಮೂಡೋ ಮೊದಲೇ ಕೈ ಹಿಡಿದು ಕಲಿಸಿದ್ದ.’

‘ಹತ್ಯಾರ ಏನರ ಅದಾವೇನು?’

‘ಕತ್ತಿ, ಹಗ್ಗ ಎರಡೂ ಅವನದ್ದೇ. ಕತ್ತಿ ಸೊಂಟ ಬಿಟ್ಟು ಇಳಿಯಲ್ಲ. ಎಷ್ಟು ಚಂದ ಮಸೆದಿರ್ತಾನೆ ಗೊತ್ತಾ! ಬೇಗ ಬನ್ನಿ, ನಾಳೆ ಬೇರೆಯವರ ಮನೆಗೆ ಒಪ್ಕೊಂಡಿದ್ದಾನೆ.’

ಜೀಪು ಬರದೇ ಇರುತ್ತಾ? ಬಂತು. ದ್ಯಾವಪ್ಪ ಮರದಿಂದ ಇಳಿದು, ಮೈಯೆಲ್ಲ ಬೆವರು, ಸೊಂಟದಲ್ಲಿ ಕತ್ತಿ, ಹಾಗೇ ಜೀಪು ಹತ್ತಿದ. ರಸ್ತೇಲಿ ಹೋಗೋ ಯಾವನೋ ಪುಣ್ಯಾತ್ಮ ಫೋಟೋ ಹೊಡೆದು, ‘ದುಗ್ಗಮ್ಮನ ಕೊಲೆಗಾರ ಸಿಕ್ಕಿಬಿದ್ದ’ ಅಂತ ವಾಟ್ಸಪ್ಪಿಗೆ ಹಾಕಿದ. ಪೊಲೀಸಿನವರೇನೋ ಮಧ್ಯಾಹ್ನದೊಳಗೆ ವಿಚಾರಿಸಿ, ತಪ್ಪಾಯ್ತು ಮಾರಾಯ ಅಂತ ಮನೆಗೆ ಬಿಟ್ಟು, ಅವನೇ ಇಳಿಸಿದ ಎಳನೀರನ್ನ ಅವನ ಜೊತೆ ಕುಡಿದು ಹೋದ್ರು. ದುಗ್ಗಮ್ಮ ಸತ್ತ ದಿನ ಅವನು ಊರವರೆಲ್ಲರ ಕಣ್ಣೆದುರು ಮರದ ಮೇಲಿದ್ದ. ಆದರೆ ವಾಟ್ಸಪ್ಪಿಗೆ ಹೋದದ್ದನ್ನ ವಾಪಸ್ ಕರೆಯೋರು ಯಾರು?

ಮಾರನೇ ವಾರ ದ್ಯಾವಪ್ಪ ನಮ್ಮನೆಗೆ ಬಂದ. ಜಗಲಿ ಮೇಲೆ ಕೂರು ಅಂದ್ರೂ ಕೂರಲಿಲ್ಲ. ಜೊತೆಗೆ ಮಗಳು ಕವನಾ, ಅವಳ ಬ್ಯಾಗು ಅವನ ಕೈಯಲ್ಲಿ. ಸಾಗರದಲ್ಲಿ ಹಾಸ್ಟೆಲ್ಲಲ್ಲಿದ್ದು ಕಾಲೇಜು ಓದೋ ಹುಡುಗಿ. ಆ ಫೋಟೋ ಅವಳ ಕ್ಲಾಸಿನವರ ಫೋನಿಗೂ ಬಂದಿತ್ತು. ಊಟಕ್ಕೆ ಕೂತಾಗ ಪಕ್ಕದವರು ತಟ್ಟೆ ತಗೊಂಡು ಎದ್ದು ಹೋದ್ರಂತೆ. ಬ್ಯಾಗು ಕಟ್ಕೊಂಡು ಮನೆಗೆ ಬಂದವಳು ಇನ್ನು ಕಾಲೇಜಿಗೆ ಹೋಗಲ್ಲ ಅಂತ ಹಟ ಹಿಡಿದು ಕೂತಿದ್ಲು.

‘ಕೆಲಸಕ್ಕೆ ಕರೀದಿದ್ರೆ ಚಿಂತಿಲ್ಲ ಚಂದ್ರಣ್ಣ’ ಅಂದ ದ್ಯಾವಪ್ಪ. ‘ಇವಳು ಓದು ಬಿಟ್ರೆ ನಾನು ಮರ ಹತ್ತಿದ್ದೆಲ್ಲ ನೀರಿಗೆ ಹೋಯ್ತು. ಇದು ನಿಮ್ಮ ಬಾಯಿಂದ ಶುರುವಾದ್ದು. ಇವಳಿರೋ ಬೀದೀಲಿ ನಿಂತು ನೀವೇ ಸರಿ ಮಾಡ್ಕೊಡಿ.’

ಇವರಿಗೆ ಇನ್ನೂ ಅರ್ಥವಾಗಿರಲಿಲ್ಲ. ‘ನಾನೇನು ಮಾಡಿದೆ?’ ಅಂತ ನನ್ನ ಮುಖ ನೋಡಿದ್ರು. ನನಗೆ ಸಿಟ್ಟು ಬಂತು. ‘ನೀವೇ ಮಾಡಿದ್ದು ರೀ! ಲ ಅನ್ನೋಕೆ ಹೋಗಿ ನ ಅಂತೀರಿ. ಎಷ್ಟು ಸಲ ಬಡ್ಕೊಂಡೆ!’ ಅಂತ ಹೇಳಿಯೇ ಬಿಟ್ಟೆ. ಇವರು ಎದ್ದು ಒಳಗೆ ಹೋದ್ರು. ಶರ್ಟು ಹಾಕ್ಕೊಂಡು ಗಾಡಿ ಸ್ಟಾರ್ಟ್ ಮಾಡಿದ್ರು. ನಾನೂ ಹತ್ತಿದೆ, ಅಪ್ಪ ಮಗಳೂ ಹತ್ತಿದ್ರು. ದಾರೀಲಿ ದುಗ್ಗಮ್ಮನ ಅಂಗಡಿ ಬಾಗಿಲು ಹಾಕಿತ್ತು. ಇವರು ಅತ್ತ ತಿರುಗಿ ನೋಡಿ, ಸ್ಟೇರಿಂಗ್ ಬಿಗಿಯಾಗಿ ಹಿಡ್ಕೊಂಡ್ರು.

ಸಾಗರಕ್ಕೆ ಹೋದಾಗ ಕಾಲೇಜು ಬಿಡೋ ಹೊತ್ತು. ಹಾಸ್ಟೆಲ್ ಇರೋ ಬೀದಿ ತುಂಬಾ ಹುಡುಗೀರು. ಕವನಾ ಸೀಟಿನ ಕೆಳಗೆ ಬಗ್ಗಿ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ್ಲು. ಇವರು ಇಳಿದು ನಿಂತು ಮೈಕಿಗೆ ಹೇಳಿದ್ರು, ಅದೇ ಹಳೇ ಗತ್ತಿನಲ್ಲಿ:

‘ಮಹಾಜನಗಳೇ, ನಮ್ಮ ದ್ಯಾವಪ್ಪ ಕೊನೆಗಾರನನ್ನ! ಕೊನೆಗಾರ!’

ಜನ ನಿಂತ್ರು. ಮುಂದಿನ ಮಾತಿಗೆ ಕಾದ್ರು. ಚಾ ಅಂಗಡಿಯವನು ಕೇಳಿಯೇ ಬಿಟ್ಟ, ‘ಕೊನೆಗಾರನನ್ನ ಏನು ಮಾಡಿದ ಚಂದ್ರಣ್ಣ? ಅವನನ್ನೂ ಕೊಂದ್ನಾ?’

ಹುಡುಗೀರೆಲ್ಲ ಕಿಸಕ್ಕಂತ ನಕ್ಕರು. ಇವರು ಮತ್ತೆ ಹೇಳಿದ್ರು, ಇನ್ನೂ ಜೋರಾಗಿ. ಮತ್ತೆ ಅದೇ. ಆಗ ಇವರ ಮುಖ ನೋಡ್ಬೇಕಿತ್ತು. ಆ ಹಾರ್ನಿನಿಂದ ಬಂದದ್ದು ಮೊದಲ ಸಲ ಇವರ ಕಿವಿಗೂ ಬಿದ್ದಿತ್ತು. ಬೆಳಗಿಂದ ಬೈದದ್ದೆಲ್ಲ ನನಗೆ ಮರೆತುಹೋಯ್ತು.

ಇವರು ಗಾಡಿ ಹತ್ರ ಬಂದು ಕಿಟಕಿಯಿಂದ ಮೈಕನ್ನ ನನ್ನ ಕಡೆ ಚಾಚಿದ್ರು. ಯಾರಿಗೂ ಕೊಡದ ಮೈಕು. ‘ಧರ್ಮಾ, ನೀನೇ ಹೇಳು. ನನ್ನಿಂದ ಆಗಿನ್ನ.’

ನಾನು ಕೈ ಚಾಚಿದೆ. ದ್ಯಾವಪ್ಪ ಅಡ್ಡ ಹಿಡಿದ. ‘ಬೇಡ ಧರ್ಮಕ್ಕ. ನೀವು ಹೇಳಿದ್ರೆ ಹೆಂಗಸು ಪಾಪ ಕಂಡು ಹೇಳ್ತಾಳೆ ಅಂತಾರೆ. ಚಂದ್ರಣ್ಣನ ಸ್ವರವನ್ನ ಜನ ನಂಬಿದ್ದು.’

ಇವರು ಮೈಕನ್ನ ಕಂಕುಳಿಗೆ ಸಿಕ್ಕಿಸ್ಕೊಂಡ್ರು. ಆಮೇಲೆ ಕರವಸ್ತ್ರ ತೆಗೆದ್ರು. ಬೆವರು ಒರೆಸ್ಕೊಳ್ತಾರೆ ಅಂದ್ಕೊಂಡೆ ನಾನು. ಅಲ್ಲ. ಅಷ್ಟು ಹುಡುಗೀರ ಎದುರು, ಚಾ ಅಂಗಡಿಯವರ ಎದುರು, ನಡು ಬೀದೀಲಿ ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟು ಕಿತ್ತು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿದ್ರು. ಕೆನ್ನೆ ಎರಡೂ ಒಳಗೆ ಹೋಯ್ತು. ಬೀಗರ ಎದುರು ಹೀಗೆ ಕಾಣಬಾರದು ಅಂತ ತಾನೇ ಇವರು ಅಷ್ಟು ಒದ್ದಾಡಿದ್ದು? ಈಗ ಸಾಗರವೇ ನೋಡ್ತಿತ್ತು. ಒಬ್ಬಳು ಫೋನ್ ಎತ್ತಿ ವಿಡಿಯೋ ಹಿಡಿದ್ಲು.

‘ದ್ಯಾವಪ್ಪ ಕೊಲೆಗಾರನಲ್ಲ’ ಅಂದ್ರು. ಲ ಗಂಟೆ ಹೊಡೆದ ಹಾಗೆ ಬಂತು. ‘ಕೊಲೆಗಾರ ಅಲ್ಲವೇ ಅಲ್ಲ. ಅಡಿಕೆ ಕೊನೆ ಇಳಿಹೋ ಕೊನೆಗಾರ. ತಪ್ಪಿದ್ದು ನನ್ನ ಬಾಯಿ. ನನ್ನ ಹಲ್ಲು ಹರಿ ಇಲ್ಲ, ಅವನು ಹರಿ ಇದ್ದಾನೆ.’

ಸ ಮತ್ತೆ ಹ ಆಗಿತ್ತು, ಆದರೂ ಯಾರೂ ನಗಲಿಲ್ಲ. ಚಾ ಅಂಗಡಿಯವನು ಒಲೆ ಬಿಟ್ಟು ಬಂದು ದ್ಯಾವಪ್ಪನ ಕೈ ಹಿಡಿದು ಅಂಗಡಿಗೆ ಕರ್ಕೊಂಡು ಹೋದ.

ನನ್ನ ಸೆರಗು ಬಿಟ್ಟು ಕವನಾ ತಲೆ ಎತ್ತಿದ್ಲು. ‘ಮಾವ, ಇನ್ನೊಂದ್ ಸಲ ಹೇಳ್ತೀರಾ?’ ಅಂದ್ಲು. ಇವರು ಹೇಳಿದ್ರು. ಅವಳು ಕೇಳಿದಷ್ಟು ಸಲ ಹೇಳಿದ್ರು. ಆ ವಿಡಿಯೋ ಹಿಡಿದ ಹುಡುಗಿ ಬಂದು ಗಾಡಿ ಬಾಗಿಲು ತೆಗೆದು, ‘ಬಾರೆ, ನಿನ್ನ ಬ್ಯಾಗು ಕೊಡು’ ಅಂದ್ಲು. ಕವನಾ ಇಳಿದು ಹೋದ್ಲು. ನನಗೆ ಅಳು ಬಂದದ್ದು ಆಗ.

ವಾಪಸ್ ಬರುವಾಗ ಹೊತ್ತು ಮುಳುಗಿತ್ತು. ಅವತ್ತು ನಾವಿಬ್ಬರೂ ಉಪವಾಸ. ದುಗ್ಗಮ್ಮನ ಅಂಗಡಿ ದಾಟುವಾಗ ನಾನು ಮೆಲ್ಲಗೆ ಹೇಳಿದೆ, ‘ರೀ, ಇನ್ನಾದ್ರೂ ಹಲ್ಲು ಹಾಕ್ಕೊಳ್ಳಿ. ನಾಳೆ ತೀರ್ಥಹಳ್ಳೀಲಿ ಕೂಗಬೇಕು, ಜನ ನೋಡ್ತಾರೆ.’

ಹೆಲ್ಮೆಟ್ಟಿನವ ಯಾರು ಅಂತ ಇನ್ನೂ ಗೊತ್ತಾಗಿರಲಿಲ್ಲ. ಇವತ್ತಿಗೂ ಗೊತ್ತಾಗಿಲ್ಲ.

‘ನೋಡಲಿ ಬಿಡೆ’ ಅಂದ್ರು ನಮ್ಮನೆಯವರು. ‘ದುಗ್ಗಮ್ಮನ ಕೊಲೆಗಾರ ಹಿಕ್ಕೋವರೆಗೂ ನನಗೆ ಹಲ್ಲು ಬೇಡ.’