ಎಮ್ಮೆ ಇಳಿದ ಹಳ್ಳ

ಆಯುಧ ಪೂಜೆಯ ಮುನ್ನಾದಿನ ನಮ್ಮ ಕೆಲಸಗಾರರು ಗಾಳಿ ಊದುವ ತೊಟ್ಟಿಯನ್ನು ಲಕಲಕ ಹೊಳೆಯುವಂತೆ ತೊಳೆದಿಟ್ಟಿದ್ದರು. ಮೋಟಾರು, ಪಾನಾ ಎಲ್ಲವನ್ನೂ ಉಜ್ಜಿದವರಿಗೆ ತೊಟ್ಟಿಯ ಕಂದು ರಾಡಿ ಕಣ್ಣಿಗೆ ಚುಚ್ಚಿತಂತೆ. ಅದನ್ನು ಹೊರಗೆ ಬಳಿದು, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದ್ದರು.

"ನೋಡ್ರಿ ಮೇಡಂ, ಹೊಸಾದರಂಗ ಆಗೇತಿ," ಎಂದರು ಮೇಸ್ತ್ರಿ. ನನಗೆ ಮೈಯೆಲ್ಲ ಉರಿಯಿತು.

ಗಂಗಾವತಿಯ ಹೊರಗೆ ತೌಡಿನೆಣ್ಣೆ ಶುದ್ಧ ಮಾಡುವ ಕಾರ್ಖಾನೆ ನಮ್ಮದು. ಅದರ ಹೊಲಸು ನೀರನ್ನು ತಿಳಿಯಾಗಿಸಿ ಹಳ್ಳಕ್ಕೆ ಬಿಡುವುದು ನನ್ನ ಕೆಲಸ. ತೇಲುವ ಎಣ್ಣೆಯನ್ನು ಬಳಿದು ತೆಗೆಯಬಹುದು. ನೀರಿನೊಳಗೆ ಬೆರೆತ ಜಿಡ್ಡನ್ನು ತಿನ್ನಲು ಜೀವಾಣುಗಳೇ ಬೇಕು. ಆ ರಾಡಿಯೆಂದರೆ ಅವೇ. ಗಾಳಿ ಕೊಟ್ಟು, ಹದವಾಗಿ ಉಣಿಸಿ ಸಾಕಿದ್ದೆ. ಹಬ್ಬದ ಉಮೇದಿನಲ್ಲಿ ಎಲ್ಲವನ್ನೂ ಕೊಂದುಹಾಕಿದ್ದರು.

ಹಬ್ಬ ಮುಗಿದು ಕೆಲಸ ಶುರುವಾಯಿತು. ಹೊಲಸು ನೀರು ಕೂಡಿಡುವ ಟ್ಯಾಂಕು ಅಂಚಿಗೆ ಬಂತು.

"ಒಂದೀಟು ಹಂಗ ಹಳ್ಳಕ್ಕ ಬಿಟ್ರ ಏನಾಗತೈತ್ರಿ?" ಎಂದರು ಮ್ಯಾನೇಜರ್.

ನಾನು ಹಳ್ಳಕ್ಕೆ ನೀರು ಬಿಡುವ ವಾಲ್ವಿನ ಹಿಡಿಕೆಯನ್ನೇ ಬಿಚ್ಚಿ ಬುತ್ತಿಚೀಲಕ್ಕೆ ಹಾಕಿಕೊಂಡೆ. "ಮಷಿನ್ ನಿಲ್ಲಸ್ರಿ. ಇಲ್ಲಾ ನನ್ನ ಕೆಲಸದಿಂದ ತಗೀರಿ."

ಕೆಲಸ ಹೋದರೆ ನಮ್ಮೂರು ಬೇವೂರಿಗೆ ಹೋಗಿ ಅವ್ವನ ಜೊತೆ ಕಳೆ ಕೀಳುತ್ತೇನೆ, ಹಿಡಿಕೆ ಮಾತ್ರ ಕೊಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ. ಮ್ಯಾನೇಜರ್ ಬಾಯಿಗೆ ಬಂದಂತೆ ಬೈದು ಮಷಿನ್ ನಿಲ್ಲಿಸಿದರು.

ಜೀವಾಣುಗಳನ್ನು ಮತ್ತೆ ಬೆಳೆಸಲು ಬೆಲ್ಲ, ತಾಜಾ ಸಗಣಿ ಬೇಕಿತ್ತು. ಹಳ್ಳದಾಚೆ ಎಮ್ಮೆ ಸಾಕಿದ್ದ ಮುದುಕಿ ಆಯಿಯ ಬಾಗಿಲಿಗೆ ಬುಟ್ಟಿ ಹಿಡಿದು ಹೋದೆ.

"ನೀ ಕೆಲಸಕ್ಕ ಬರೂಕಿಂತ ಮೊದಲ ನಿಮ್ಮ ಹೊಲಸಿಗೆ ನನ್ನ ಎಮ್ಮಿ ಹಳ್ಳದಾಗ ಕಾಲಿಡೂದ ಬಿಟ್ಟಿತ್ತು. ಈಗ ಅದರ ಸಗಣಿ ಬೇಕಾತೇನು?"

"ಹೌದ್ರಿ ಆಯಿ. ಅದ ನೀರು ಛಲೋ ಮಾಡಾಕ."

"ಒಯ್ಯಿ. ನೀರು ಬಿಡೂ ದಿನ ಎಮ್ಮಿ ಹೊಡಕೊಂಡು ಬರ್ತೀನಿ. ಅದು ಇಳೀಲಿಲ್ಲಂದ್ರ ಇಂಥಾದ ಒಂದು ಬುಟ್ಟಿ ಸಗಣಿ ನಿನ್ನ ತಲಿ ಮ್ಯಾಲ ಸುರವತೀನಿ, ನೋಡು."

ಮೇಸ್ತ್ರಿ ಮುಖ ಸಣ್ಣ ಮಾಡಿಕೊಂಡೇ ಬಂದು, ತಮ್ಮ ಹಳೆಯ ಪಂಚೆ ಕಟ್ಟಿ ಸಗಣಿ ನೀರು ಸೋಸಿಕೊಟ್ಟರು. ಬೆಲ್ಲ ಕರಗಿಸಿ ಅದರೊಂದಿಗೆ ತೊಟ್ಟಿಗೆ ಹಾಕಿದೆವು. ಹೊಲಸು ನೀರನ್ನು ಕೂಸಿಗೆ ಗಂಜಿ ಕುಡಿಸಿದಂತೆ ಸ್ವಲ್ಪಸ್ವಲ್ಪವೇ ಬಿಟ್ಟೆವು. ಮೊದಮೊದಲು ಬರೀ ಬಿಳಿ ನೊರೆ, ಮೂಗು ಮುಚ್ಚುವ ನಾತ. ಮ್ಯಾನೇಜರ್ ದಿನವೂ ಬಂದು ಹಿಡಿಕೆ ಕೇಳುವರು; ನಾನು ದಿನವೂ ಇಲ್ಲ ಎನ್ನುವೆ. ಕೊನೆಗೊಂದು ಬೆಳಿಗ್ಗೆ ನೊರೆ ಇಳಿದಿತ್ತು, ಹಸಿಮಣ್ಣಿನ ವಾಸನೆ ಬಂತು. ತೊಟ್ಟಿಯ ನೀರನ್ನು ಗಾಜಿನ ಜಾಡಿಯಲ್ಲಿ ತುಂಬಿಟ್ಟರೆ ಕಂದು ರಾಡಿ ತಳಕ್ಕೆ ಕೂತು, ಮೇಲೆ ತಿಳಿನೀರು ನಿಂತಿತು. ಕಣ್ಣಲ್ಲಿ ನೀರು ಬಂತು, ನಾಚಿಕೆಯೇನಿಲ್ಲ.

ಪರೀಕ್ಷೆಯಲ್ಲೂ ನೀರು ಪಾಸಾದ ಮೇಲೆ ನನ್ನ ಕೈಯಾರೆ ಹಿಡಿಕೆ ಜೋಡಿಸಿ ವಾಲ್ವು ತಿರುಗಿಸಿದೆ. ಆಯಿ ಹೇಳಿದಂತೆಯೇ ಎಮ್ಮೆಯೊಂದಿಗೆ, ಬುಟ್ಟಿಯೊಂದಿಗೆ ಬಂದು ದಂಡೆಯಲ್ಲಿ ನಿಂತಿದ್ದಳು. ಬುಟ್ಟಿ ತುಂಬಿತ್ತು.

ಎಮ್ಮೆ ಮೂಸಿತು. ಬುಸ್ಸೆಂದು ಹಿಂದೆ ಸರಿಯಿತು. ನಾನು ಬುಟ್ಟಿಯ ಕಡೆ ನೋಡಿದೆ. ಮತ್ತೆ ಮೂಸಿ, ನಿಧಾನಕ್ಕೆ ಇಳಿದು, ನಡುನೀರಲ್ಲಿ ಮಲಗಿಬಿಟ್ಟಿತು.

ಆಯಿ ಬುಟ್ಟಿ ಕೆಳಗಿಟ್ಟಳು. "ಇನ್ನ ಸಂಜಿತನ ಏಳೂದಿಲ್ಲ ಅದು. ನಾ ಮನಿಗೆ ಹೊಂಟೆ. ನೀನ ಕಾಯಿ."

ನಾನು ಚಪ್ಪಲಿ ಬಿಟ್ಟು, ಕಾಲನ್ನು ಹಳ್ಳಕ್ಕೆ ಇಳಿಬಿಟ್ಟು ಕೂತೆ.