ಮಾದೇವ ಮಾವನ ಪರ್ಮಿಟ್ ಪುಸ್ತಕ

ಕದ್ರಾ ಪವರ್ ಹೌಸಿನಲ್ಲಿ ಆಪರೇಟರ್ ಆಗಿದ್ದ ಮಾದೇವ ಮಾವ ನಿವೃತ್ತರಾಗಿ ಸದಾಶಿವಗಡದ ಮನೆಗೆ ಬಂದಾಗ ಕೆಲಸವನ್ನು ಅಲ್ಲೇ ಬಿಟ್ಟು, ಅಭ್ಯಾಸವನ್ನು ಮಾತ್ರ ಹೊತ್ತು ತಂದಿದ್ದರು. ಅಲ್ಲಿ ಲೈನಿಗೆ ಕೈ ಹಾಕುವ ಮೊದಲು ಏನು ಮಾಡುತ್ತೇವೆಂದು ಬರೆದು ಜವಾಬ್ದಾರರ ಸಹಿ ಪಡೆಯಬೇಕಿತ್ತು. ಅದಕ್ಕೆ ಪರ್ಮಿಟ್ ಎಂದು ಹೆಸರು. ಮನೆಯಲ್ಲಿ ಫ್ಯೂಸ್ ಹಾಕುವುದಕ್ಕೂ ಅವರು ಹಳೆಯ ಡೈರಿಯಲ್ಲಿ ಪರ್ಮಿಟ್ ಬರೆದು ಹೆಂಡತಿಯ ಮುಂದೆ ಹಿಡಿಯುತ್ತಿದ್ದರು. ಮಂದಾಕಿನಿ ಅತ್ತೆ ಹಿಟ್ಟಿನ ಕೈಯಲ್ಲೇ ಸಹಿ ಹಾಕಿ, “ತಾಳಿ ಕಟ್ಟೂಕೂ ನನ್ನ ಸಹಿ ಕೇಳಿದ ಮನಶಾ ಇವ್ರು” ಎಂದು ಬೀದಿಗೆ ಕೇಳುವಂತೆ ನಗುತ್ತಿದ್ದರು.

ಆ ನಗು 2007ರ ಮಳೆಗಾಲದಲ್ಲಿ ನಿಂತಿತು. ಡೈರಿಯ ಸಹಿ ಸೊಸೆ ದೀಪಾಲಿಯ ಪಾಲಿಗೆ ಬಂತು. ಅತ್ತೆ ನಗುವ ಫೋಟೋ ಅಂತ ಇದ್ದದ್ದು ಒಂದೇ, ಮೊಮ್ಮಗಳು ರಕ್ಷಿತಾಳನ್ನು ತೊಡೆಯ ಮೇಲಿಟ್ಟುಕೊಂಡು ತೆಗೆಸಿದ್ದು. ಅದೂ ಕಂಪ್ಯೂಟರಿನೊಳಗೆ, ಪ್ರಿಂಟ್ ಹಾಕಿಸಿರಲಿಲ್ಲ. ದೀಪಾವಳಿ ಕಳೆದ ವಾರವೇ ವೈರಸ್ ಹೊಕ್ಕು ಕಂಪ್ಯೂಟರ್ ಮುಷ್ಕರ ಹೂಡಿತು. ರಿಪೇರಿಯವನು, ಒಳಗಿನದೆಲ್ಲ ಅಳಿಸದೆ ದಾರಿಯಿಲ್ಲ ಎಂದ.

ಆಗ ದೀಪಾಲಿಯ ತಮ್ಮ ನಿತೇಶ ಅಂಕೋಲೆಯಿಂದ ಕಂಪ್ಯೂಟರ್ ನಡೆಸುವ ಇನ್ನೊಂದು ತಂತ್ರಾಂಶ, ಲಿನಕ್ಸಿನ ಸಿ.ಡಿ. ತಂದುಕೊಟ್ಟ. ಇದನ್ನು ತೂರಿಸಿದರೆ ಕಂಪ್ಯೂಟರ್ ಸಿ.ಡಿ.ಯಿಂದಲೇ ಎದ್ದು ಕೂರುತ್ತದೆ, ಫೋಟೋ ಹುಡುಕಿ ಪೆನ್‌ಡ್ರೈವಿಗೆ ಇಳಿಸಿಕೋ ಎಂದಷ್ಟೇ ಹೇಳಿ ಬಸ್ಸು ಹಿಡಿದ. ಲಿನಕ್ಸ್ ಎಂಬುದು ತಿನ್ನುವುದೋ ಹಚ್ಚಿಕೊಳ್ಳುವುದೋ ಮನೆಯಲ್ಲಿ ಇಬ್ಬರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ರಕ್ಷಿತಾ ಮಲಗಿದ ಮೇಲೆ ಕೂತರು. ಪರದೆ ಬೆಳಗಿತು. ಮಾವ ‘3.10, ಸಿ.ಡಿ. ಚಾಲು’ ಎಂದು ಡೈರಿಯಲ್ಲಿ ಬರೆದರು. ಪರದೆಯ ಮೂಲೆಯಲ್ಲಿ ‘ಇನ್‌ಸ್ಟಾಲ್’ ಎಂಬ ಗುರುತಿತ್ತು. ಇದು ಒಳಗೆ ಸೇರದೆ ಫೋಟೋ ಹೇಗೆ ಸಿಕ್ಕೀತು ಎಂದುಕೊಂಡು ದೀಪಾಲಿ ಅದನ್ನೇ ಒತ್ತಿದಳು. ಭಾಷೆ ಯಾವುದು, ಊರು ಯಾವುದು ಎಂದು ಅದು ಹೆಣ್ಣು ನೋಡಲು ಬಂದವರಂತೆ ಕೇಳತೊಡಗಿತು. ಕೂಸು ಎದ್ದರೆ ಕೆಲಸ ಕೆಟ್ಟಿತೆಂದು ಅವಳು ಓದದೆಯೇ ಮುಂದೆ ಮುಂದೆ ಒತ್ತಿದಳು. ಮಾವ ಕನ್ನಡಕ ಮೂಗಿಗಿಳಿಸಿ, ಸಾಲುಸಾಲಿಗೆ ಬೆರಳಿಟ್ಟು ಓದುತ್ತ ಎರಡು ಪುಟ ಹಿಂದೆಯೇ ಉಳಿದಿದ್ದರು.

ಕೊನೆಯ ಪುಟದಲ್ಲಿ ಮಾತ್ರ ಅವರು ಅವಳನ್ನು ಹಿಡಿದು ನಿಲ್ಲಿಸಿದರು. “ತಡಿ. ಡಿಸ್ಕಿಂದು ಪೂರಾ ಅಳಿಸ್ತದೆ ಅಂತ ಬರ್ದದೆ. ಪರ್ಮಿಟ್ ಬೇಕು.”

“ಅದು ವೈರಸ್ ಅಳ್ಸೂದು, ಮಾವ. ಕೂಸು ಏಳ್ತದೆ, ಬೇಗ ಕೊಡಿ, ಸಹಿ ಹಾಕ್ತೆ.”

ಬರೀ ಸಹಿ ನಡೆಯದು, ಕೈ ಹಾಕುವವರೇ ವಿವರವನ್ನೂ ಬರೆಯಬೇಕು ಎಂದು ಮಾವ ಡೈರಿ ತಳ್ಳಿದರು. ಡಿಸ್ಕಿನಲ್ಲಿ ಏನೇನು ಇದೆಯೋ ಒಂದೊಂದಾಗಿ ಬರೆ ಎಂದರು. ದೀಪಾಲಿ ಹಲ್ಲು ಕಚ್ಚಿಕೊಂಡು ಗೀಚಿದಳು: ‘ಅಳಿಸುವ ಸಾಮಾನು: ಪತ್ರ, ಹಾಡು, ಫೋಟೋ’.

ಅಲ್ಲಿಗೆ ಪೆನ್ನು ನಿಂತಿತು. ಏನನ್ನು ಉಳಿಸಿಕೊಳ್ಳಲು ಕೂತಿದ್ದಳೋ ಅದನ್ನು ಅಳಿಸಲು ಅವಳದೇ ಅಕ್ಷರದಲ್ಲಿ ಅನುಮತಿ. ಪರದೆಯ ಆ ಪುಟ ಮುಚ್ಚಿದಳು. ಸಿ.ಡಿ.ಯಿಂದಲೇ ಎದ್ದು ಕೂರುತ್ತದೆ ಎಂದು ನಿತೇಶ ಹೇಳಿದ್ದು ಈಗ ತಲೆಗೆ ಹೋಯಿತು: ಏನನ್ನೂ ಒಳಗೆ ಸೇರಿಸಬೇಕಿರಲೇ ಇಲ್ಲ. ಹುಡುಕಿದರೆ ಹಳೆಯ ಡಿಸ್ಕು ಅಲ್ಲೇ ಇತ್ತು, ಒತ್ತಿದರೆ ತೆರೆಯಿತು. ಅತ್ತೆ ಪರದೆ ತುಂಬ ನಕ್ಕರು.

ಫೋಟೋ ಪೆನ್‌ಡ್ರೈವಿಗೆ ಇಳಿಯಿತು. ಮಾವ ‘4.05, ಮಂದಾಕಿನಿ ಸಿಕ್ಕಿದಳು. ಸುಸ್ಥಿತಿ’ ಎಂದು ಬರೆದು ಡೈರಿ ಅವಳ ಮುಂದಿಟ್ಟರು. ದೀಪಾಲಿ ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ ಇನ್ನೊಂದರಲ್ಲಿ ಸಹಿ ಹಾಕಿದಳು.

“ಮತ್ತೆ ಓದ್ದೇ ಹಾಕ್ದೆ ಅಲಾ” ಎಂದರು ಮಾವ.